ಲಂಡನ್ನಿನ ಬಾಡಿಗೆ ಮನೆಗೆ ಕೌನ್ಸಿಲ್ ಲೈಸೆನ್ಸ್: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಲಂಡನ್ನಿನ ಈಸ್ಟ್ ಹ್ಯಾಮ್‌ನಲ್ಲಿ ನಮ್ಮದೊಂದು ಎರಡು ಬೆಡ್‌ರೂಮಿನ ಫ್ಲ್ಯಾಟ್ ಇದೆ. ನಾವೀಗ ಬೆಂಗಳೂರಿಗೆ ವಾಪಸ್ಸಾಗಿದ್ದೇವೆ. ಬಾಡಿಗೆಗಿದ್ದ ಸಂಸಾರ ಖಾಲಿ ಮಾಡಿದೆ, ಮೂವರು ಸ್ನೇಹಿತರು ಸೇರಿ ಕೇಳುತ್ತಿದ್ದಾರೆ. ಹಳೆಯ ಲೈಸೆನ್ಸಿಗೆ ಇನ್ನೂ ಅವಧಿ ಇದೆ. ಅದೇ ಸಾಕೇ? ಏಜೆಂಟ್ ಮೇಲೆ ಎಲ್ಲ ಬಿಟ್ಟುಬಿಡಬಹುದೇ? (ಜಯನಗರ)

ಉತ್ತರ: ಸಾಲದು, ಬಿಡಲೂ ಬಾರದು.

ಈಸ್ಟ್ ಹ್ಯಾಮ್ ಇರುವುದು ನ್ಯೂಹ್ಯಾಮ್ ಬರೋದಲ್ಲಿ (ಬರೋ ಎಂದರೆ ತನ್ನದೇ ಕೌನ್ಸಿಲ್ ಇರುವ ಲಂಡನ್ನಿನ ಆಡಳಿತ ವಿಭಾಗ). 2013ರ ಜನವರಿ 1ರಿಂದ ಇಡೀ ಬರೋದ ಖಾಸಗಿ ಬಾಡಿಗೆ ಮನೆಗಳಿಗೆ ಲೈಸೆನ್ಸ್ ಕಡ್ಡಾಯ ಮಾಡಿ, ಇಂಗ್ಲೆಂಡಿನಲ್ಲಿ ಆ ದಾರಿ ಮೊದಲು ಹಿಡಿದದ್ದೇ ಆ ಕೌನ್ಸಿಲ್. 2004ರ ಹೌಸಿಂಗ್ ಆಕ್ಟ್ ಅಡಿ ಲೈಸೆನ್ಸ್ ಮೂರು ಬಗೆ. ಎರಡು ಅಥವಾ ಹೆಚ್ಚು ಮನೆತನಗಳ ಐವರು ಅಥವಾ ಹೆಚ್ಚು ಜನ ಅಡುಗೆಮನೆ, ಬಚ್ಚಲು ಹಂಚಿಕೊಂಡರೆ ಇಂಗ್ಲೆಂಡಿನ ಯಾವ ಮೂಲೆಯಲ್ಲಾದರೂ ಎಚ್‌ಎಂಒ (ಹೌಸ್ ಇನ್ ಮಲ್ಟಿಪಲ್ ಆಕ್ಯುಪೇಶನ್, ಅಂದರೆ ಹಲವು ಮನೆತನಗಳು ಹಂಚಿಕೊಂಡ ಮನೆ) ಲೈಸೆನ್ಸ್ ಬೇಕು. ಮೂರು, ನಾಲ್ಕು ಜನರಿದ್ದರೆ, ಕೌನ್ಸಿಲ್ ಆ ಪ್ರದೇಶಕ್ಕೆ ಅಡಿಷನಲ್ ಲೈಸೆನ್ಸಿಂಗ್ ಘೋಷಿಸಿದ್ದರೆ ಮಾತ್ರ. ಒಂದೇ ಸಂಸಾರಕ್ಕೆ ಕೊಟ್ಟ ಮನೆಗೂ ಬೇಕೆನ್ನುವುದು ಸೆಲೆಕ್ಟಿವ್. ಅದೂ ಘೋಷಿತ ಪ್ರದೇಶಕ್ಕೆ ಸೀಮಿತ. ನಿಮ್ಮ ಕೈಯಲ್ಲಿರುವುದು ಸೆಲೆಕ್ಟಿವ್. ಮೂವರು ಸ್ನೇಹಿತರೆಂದರೆ ಮೂರು ಮನೆತನ. ನ್ಯೂಹ್ಯಾಮ್‌ನಲ್ಲಿ ಅಂಥವರಿಗೆ ಕೊಡಲು ಅಡಿಷನಲ್ ಲೈಸೆನ್ಸಿಗೆ ಹೊಸದಾಗಿ ಅರ್ಜಿ ಹಾಕಬೇಕು. ಗೋಡೆ ಅವೇ, ಬೀಗವೂ ಅದೇ, ಆದರೆ ಒಳಗೆ ಇರುವವರು ಬದಲಾದರೆ ಲೈಸೆನ್ಸ್ ಬದಲು.

ಕರಾರಿಗೆ ಸಹಿ ಹಾಕುವ ಮುಂಚೆ ಟೇಪು ಹಿಡಿದು ರೂಮು ಅಳೆಸಿ. ಎಚ್‌ಎಂಒದಲ್ಲಿ ಹತ್ತು ವರ್ಷ ದಾಟಿದ ಒಬ್ಬರು ಮಲಗುವ ಕೋಣೆ 6.51 ಚದರ ಮೀಟರಿಗಿಂತ ಕಡಿಮೆ ಇರಕೂಡದು, ಇಬ್ಬರಿಗಾದರೆ 10.22. ನಮ್ಮ ಲೆಕ್ಕದಲ್ಲಿ ಸುಮಾರು 70 ಮತ್ತು 110 ಚದರಡಿ. ನಿಮ್ಮಲ್ಲಿ ಬೆಡ್‌ರೂಮು ಎರಡು, ಜನ ಮೂವರು. ಇಬ್ಬರು ಒಂದೇ ರೂಮಿನಲ್ಲಿರಬೇಕು, ಇಲ್ಲವೇ ಹಾಲ್ ಬೆಡ್‌ರೂಮ್ ಆಗಬೇಕು. ಹತ್ತಡಿ ಉದ್ದ ಹತ್ತಡಿ ಅಗಲದ ರೂಮಿಗೆ ಇಬ್ಬರನ್ನು ಹಾಕಿದರೆ ಹತ್ತು ಚದರಡಿ ಖೋತಾ, ಲೈಸೆನ್ಸ್ ಅಲ್ಲೇ ನಿಲ್ಲುತ್ತದೆ. ಇದು ಕಾನೂನು ಹೇಳುವ ಕನಿಷ್ಠ ಅಳತೆ. ಕೌನ್ಸಿಲ್ ಇನ್ನೂ ಹೆಚ್ಚು ಕೇಳಬಹುದು.

ಇನ್ನು ಏಜೆಂಟ್. ಲೈಸೆನ್ಸ್ ಇಲ್ಲದೆ ಬಾಡಿಗೆಗೆ ಕೊಟ್ಟ ತಪ್ಪು ಬಾಡಿಗೆ ವಸೂಲಿ ಮಾಡುವ ಏಜೆಂಟನ ಮೇಲೂ ಬೀಳಬಹುದು, ಹಾಗೆಂದು ನಿಮ್ಮ ಹೆಗಲ ಮೇಲಿನದು ಇಳಿಯುವುದಿಲ್ಲ. ‘ಏಜೆಂಟ್ ಹೇಳಲಿಲ್ಲ’ ಎಂಬ ಸಮಜಾಯಿಷಿ ಇಂಥ ವ್ಯಾಜ್ಯ ಕೇಳುವ ಟ್ರಿಬ್ಯುನಲ್ ಮುಂದೆ ನಿಲ್ಲುವುದು ಅಪರೂಪ. ಅರ್ಜಿ, ನವೀಕರಣ, ತಪಾಸಣೆ ಯಾರ ಪಾಲಿಗೆ ಎಂದು ಏಜೆಂಟ್ ಜೊತೆಗಿನ ಕರಾರಿನಲ್ಲೇ ಬರೆಸಿ, ಅರ್ಜಿಯ ಸ್ವೀಕೃತಿ ತರಿಸಿಕೊಳ್ಳಿ. ಲೈಸೆನ್ಸ್ ಯಾರ ಹೆಸರಿಗೆ ಎಂಬುದೂ ಮುಖ್ಯ. ಸಿಗುವವರ ಪೈಕಿ ಅತ್ಯಂತ ಸೂಕ್ತ ವ್ಯಕ್ತಿಗೆ ಕೊಡಬೇಕೆಂದು ಕಾನೂನು ಹೇಳುತ್ತದೆ. ಬಾಯ್ಲರ್ ಕೆಟ್ಟ ರಾತ್ರಿ ಜಯನಗರದಲ್ಲಿರುವವರು ಆ ‘ಸೂಕ್ತ ವ್ಯಕ್ತಿ’ ಎಂದು ಒಪ್ಪಿಸುವುದು ಕಷ್ಟ. ಅಲ್ಲೇ ಇರುವ, ರಿಪೇರಿಗೆ ದುಡ್ಡು ಖರ್ಚು ಮಾಡುವ ಅಧಿಕಾರವುಳ್ಳ ನಿರ್ವಾಹಕರನ್ನು ತೋರಿಸಿ.

ಪ್ರಶ್ನೆ: ನಮ್ಮ ಮನೆಯಲ್ಲಿ ಅಣ್ಣ, ತಂಗಿ, ಅವರ ಚಿಕ್ಕಪ್ಪನ ಮಗ ಬಾಡಿಗೆಗಿದ್ದಾರೆ. ಇದು ಎಚ್‌ಎಂಒ ಆಗುತ್ತದೆಯೇ? (ಇಲ್ಫೋರ್ಡ್)

ಉತ್ತರ: ಇಲ್ಲ. ಅಜ್ಜ ಅಜ್ಜಿ, ಮೊಮ್ಮಕ್ಕಳು, ಚಿಕ್ಕಪ್ಪ, ಅತ್ತೆ, ಸೋದರಳಿಯ, ಕಸಿನ್ ಎಲ್ಲರನ್ನೂ ಹೌಸಿಂಗ್ ಆಕ್ಟ್ ಒಂದೇ ಮನೆತನಕ್ಕೆ ಸೇರಿಸುತ್ತದೆ. ಆ ಮಟ್ಟಿಗೆ ಅದು ನಮ್ಮ ಅವಿಭಕ್ತ ಕುಟುಂಬದ ಪರವೇ! ಆದರೆ ನಾಳೆ ಖಾಲಿ ರೂಮಿಗೆ ‘ನಮ್ಮೂರಿನ ಅಣ್ಣ’ ಒಬ್ಬ ಬಂದನೋ, ಅಲ್ಲಿಗೆ ಎರಡು ಮನೆತನ. ಹೆಸರು, ನಂಟಸ್ತಿಕೆಯನ್ನು ಕರಾರಿನಲ್ಲಿ ಬರೆದಿಡಿ. ಸೆಲೆಕ್ಟಿವ್ ಲೈಸೆನ್ಸ್ ಬೇರೆ ವಿಷಯ. ನಿಮ್ಮ ಪೋಸ್ಟ್‌ಕೋಡನ್ನು ಕೌನ್ಸಿಲ್ ವೆಬ್‌ಸೈಟಿನಲ್ಲಿ ಹಾಕಿ ನೋಡಿ.

ಪ್ರಶ್ನೆ: ಅರ್ಜಿ ಅಪೂರ್ಣ ಎಂದು ವಾಪಸ್ ಬಂದಿದೆ. ಬಾಡಿಗೆದಾರರು ಮನೆಯಲ್ಲೇ ಇದ್ದಾರೆ. ತೊಂದರೆ ಇದೆಯೇ? (ಈಸ್ಟ್ ಹ್ಯಾಮ್)

ಉತ್ತರ: ಇದೆ, ಈ ವಾರವೇ ಸರಿಪಡಿಸಿ. ನಿಮಗೆ ರಕ್ಷಣೆ ಕೊಡುವುದು ಕ್ರಮಬದ್ಧವಾಗಿ ಸಲ್ಲಿಸಿದ ಅರ್ಜಿ ಮಾತ್ರ. ಅರ್ಧ ತುಂಬಿದ್ದು ಲೆಕ್ಕಕ್ಕಿಲ್ಲ. ಹೆಚ್ಚಾಗಿ ಎಡವುವುದು ಕಾಗದಪತ್ರಗಳಲ್ಲಿ. ಗ್ಯಾಸ್ ಸರ್ಟಿಫಿಕೇಟ್ ಪ್ರತಿ ವರ್ಷದ್ದು. ವೈರಿಂಗ್ ತಪಾಸಣೆಯ ವರದಿ ಐದು ವರ್ಷಕ್ಕೊಮ್ಮೆ. ಅದರಲ್ಲಿ ಸಿ1 (ಈಗಲೇ ಅಪಾಯ), ಸಿ2 (ಅಪಾಯವಾಗಬಹುದು) ಅಥವಾ ಎಫ್‌ಐ (ಇನ್ನಷ್ಟು ಪರೀಕ್ಷೆ ಬೇಕು) ಎಂಬ ಗುರುತು ಒಂದೇ ಒಂದಿದ್ದರೂ ವರದಿ ಫೇಲು, 28 ದಿನದೊಳಗೆ ಕೆಲಸ ಮಾಡಿಸಬೇಕು. ಸಿ3 ಬರೀ ಸಲಹೆ, ಅದಕ್ಕೆ ಎಲೆಕ್ಟ್ರಿಷಿಯನ್ ಬಿಲ್ ಬೆಳೆಸಿದರೆ ಪ್ರಶ್ನೆ ಮಾಡಿ. ಪ್ರತಿ ಮಹಡಿಗೊಂದು ಹೊಗೆ ಅಲಾರಂ, ಬಾಯ್ಲರ್ ಇರುವ ಕೋಣೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಅಲಾರಂ ಇರಲಿ. ಬಹಳ ಜನ ಮರೆಯುವುದು ಇನ್ನೊಂದು: ಸಾಲ ಕೊಟ್ಟ ಬ್ಯಾಂಕಿಗೆ, ಫ್ಲ್ಯಾಟ್ ಆದರೆ ಫ್ರೀಹೋಲ್ಡರಿಗೆ (ಕಟ್ಟಡ, ಜಾಗದ ಮೂಲ ಮಾಲೀಕರಿಗೆ) ಅರ್ಜಿ ಹಾಕಿರುವುದನ್ನು ಬರವಣಿಗೆಯಲ್ಲಿ ತಿಳಿಸಬೇಕು. ಶುಲ್ಕ ಎರಡು ಕಂತು, ಅರ್ಜಿಯ ಜೊತೆಗೊಂದು, ಮಂಜೂರಾತಿಯ ಹೊತ್ತಿಗೊಂದು. ಮೊದಲನೆಯದು ಖಾತೆಯಿಂದ ಹೋಗಿದೆಯೇ ನೋಡಿಕೊಳ್ಳಿ.

ಪ್ರಶ್ನೆ: ಬಾಡಿಗೆದಾರರ ಸಮೇತ ಮನೆ ಕೊಳ್ಳುತ್ತಿದ್ದೇನೆ. ಮಾರುವವರ ಲೈಸೆನ್ಸ್ ನನ್ನ ಹೆಸರಿಗೆ ಬರುತ್ತದೆಯೇ? (ಹ್ಯಾರೋ)

ಉತ್ತರ: ಬರುವುದಿಲ್ಲ. ಮನೆ ಕೈಗೆ ಬಂದ ದಿನವೇ ನಿಮ್ಮ ಹೆಸರಿನಲ್ಲಿ ಅರ್ಜಿ ಹೋಗಬೇಕು. ದಾಖಲೆಗಳನ್ನು ಸಾಲಿಸಿಟರ್ ಮೂಲಕ ಮುಂಚೆಯೇ ತರಿಸಿಕೊಂಡಿರಿ.

ಪ್ರಶ್ನೆ: ನಾನು ಬಾಡಿಗೆದಾರ. ಮಾಲೀಕರ ಬಳಿ ಲೈಸೆನ್ಸ್ ಇಲ್ಲವೆಂದು ಅನುಮಾನ. ಏನು ಮಾಡಲಿ? (ವಿದ್ಯಾರ್ಥಿ, ಲಂಡನ್)

ಉತ್ತರ: ಕೌನ್ಸಿಲ್ ಲೈಸೆನ್ಸ್‌ಗಳ ಸಾರ್ವಜನಿಕ ರಿಜಿಸ್ಟರ್ ಇಡಬೇಕು, ವಿಳಾಸ ಹಾಕಿ ಹುಡುಕಿ. ಇಲ್ಲವಾದರೆ, ಅರ್ಜಿಯಾದರೂ ಬಂದಿದೆಯೇ, ಯಾವ ತಾರೀಕಿಗೆ ಎಂದು ಲೈಸೆನ್ಸಿಂಗ್ ವಿಭಾಗಕ್ಕೆ ಇಮೇಲ್ ಬರೆದು ಕೇಳಿ. ಲೈಸೆನ್ಸ್ ಇಲ್ಲದ ಅವಧಿಯ ಬಾಡಿಗೆ ವಾಪಸ್ ಕೊಡಿಸಲು ಫಸ್ಟ್-ಟಿಯರ್ ಟ್ರಿಬ್ಯುನಲ್‌ಗೆ ಅರ್ಜಿ ಹಾಕಬಹುದು. ಗರಿಷ್ಠ 12 ತಿಂಗಳಿನ ಬಾಡಿಗೆ ಎಂದಿದ್ದ ಮಿತಿಯನ್ನು 2025ರ ಬಾಡಿಗೆದಾರರ ಹಕ್ಕುಗಳ ಕಾಯ್ದೆ ಎರಡು ವರ್ಷಕ್ಕೆ ಏರಿಸಿದೆ. ನಿಮ್ಮ ಅವಧಿಗೆ ಯಾವುದು ಅನ್ವಯ ಎಂಬುದು ತಾರೀಕಿನ ಮೇಲೆ. ಪೂರ್ತಿ ಮೊತ್ತ ಸಿಗುವುದು ಕಡಿಮೆ, ಮಾಲೀಕರ ನಡತೆ, ನಿಮ್ಮ ನಡತೆ ಎರಡನ್ನೂ ತೂಗುತ್ತಾರೆ. ಆದ್ದರಿಂದ ಸಿಟ್ಟಿಗೆ ಬಾಡಿಗೆ ನಿಲ್ಲಿಸಬೇಡಿ. ಕೈಯಲ್ಲಿ ಕಾಸು ಎಣಿಸಿ ಕೊಡುವ ಅಭ್ಯಾಸವಿದ್ದರೆ ಇಂದೇ ಬಿಟ್ಟು ಬ್ಯಾಂಕಿನಿಂದ ಕಳಿಸಿ. ಕೊಟ್ಟ ಬಾಡಿಗೆಗೆ ಬ್ಯಾಂಕ್ ಸ್ಟೇಟ್‌ಮೆಂಟಿಗಿಂತ ಗಟ್ಟಿ ಸಾಕ್ಷಿ ಇಲ್ಲ.