ಬ್ಯಾಂಡಿಗೆ ಸಂಗೀತ ಬರೆದು ಬದುಕೋಕೆ ಆಗುತ್ತಾ?

ಈ ಸಲವೂ ಅದೇ ಪ್ರಶ್ನೆಗಳು ಬಂದಿವೆ. ಒಂದಕ್ಕೆ ಮಾತ್ರ ಉದ್ದವಾಗಿ ಉತ್ತರ ಬರೆಯುತ್ತೇನೆ, ಯಾಕೆಂದರೆ ಅದರಲ್ಲಿ ಒಬ್ಬ ಹುಡುಗನ ಓದಿನ ವಿಷಯ ಇದೆ. ಉಳಿದವಕ್ಕೆ ಅಷ್ಟು ಜಾಗ ಬೇಡ.

ಪ್ರಶ್ನೆ: ನನ್ನ ಮಗ ತುಮಕೂರಿನಲ್ಲಿ ಬಿ.ಕಾಂ. ಎರಡನೇ ವರ್ಷ ಓದುತ್ತಿದ್ದಾನೆ. ಹೈಸ್ಕೂಲಿನಲ್ಲಿ ಬ್ಯಾಂಡ್‌ನಲ್ಲಿ ಟ್ರಂಪೆಟ್ ಊದುತ್ತಿದ್ದ. ಈಗ ಕಾಲೇಜು ಬಿಟ್ಟು ಬ್ಯಾಂಡುಗಳಿಗೆ ಸಂಗೀತ ಬರೆಯುತ್ತೇನೆ ಅಂತಾನೆ. ಫಾರಿನ್‌ನಲ್ಲಿ ಇದರಿಂದಲೇ ಜೀವನ ಮಾಡ್ತಾರಂತೆ, ನಿಜವಾ ಸಾರ್? (ಒಬ್ಬ ತಾಯಿ, ಶಿರಾ)

ಉತ್ತರ: ಕಾಲೇಜು ಬಿಡಿಸಬೇಡಿ ತಾಯಿ. ಬರೆಯುವುದನ್ನೂ ಬಿಡಿಸಬೇಡಿ.

ಜೀವನ ಮಾಡುವವರು ಇದ್ದಾರೆ, ನಿಜ. ಆದರೆ ಹೇಗೆ ಅಂತ ಯಾರೂ ಪೂರ್ತಿ ಹೇಳುವುದಿಲ್ಲ. ಲಂಡನ್ನಿನ ಫಿಲಿಪ್ ಸ್ಪಾರ್ಕ್ ಅವರನ್ನೇ ನೋಡಿ. ವಿಂಡ್ ಬ್ಯಾಂಡ್ (ಕ್ಲಾರಿನೆಟ್, ಟ್ರಂಪೆಟ್ ಥರ ಊದುವ ವಾದ್ಯಗಳೆಲ್ಲ ಸೇರಿದ್ದು), ಬ್ರಾಸ್ ಬ್ಯಾಂಡ್ (ಮುಖ್ಯವಾಗಿ ಹಿತ್ತಾಳೆ ವಾದ್ಯಗಳದ್ದು) ಎರಡಕ್ಕೂ ಬರೆಯುವವರಲ್ಲಿ ದೊಡ್ಡ ಹೆಸರು. ಹುಟ್ಟಿದ್ದು 1951ರಲ್ಲಿ. ಅಲ್ಲಿನ ರಾಯಲ್ ಕಾಲೇಜ್ ಆಫ್ ಮ್ಯೂಸಿಕ್‌ನಲ್ಲಿ ಓದುವಾಗಲೇ ಕಾಲೇಜಿನ ವಿಂಡ್ ಬ್ಯಾಂಡ್‌ನಲ್ಲಿ ನುಡಿಸುತ್ತಾ, ಜೊತೆಯ ಹುಡುಗರನ್ನು ಸೇರಿಸಿ ಒಂದು ಬ್ರಾಸ್ ಬ್ಯಾಂಡ್ ಕಟ್ಟಿಕೊಂಡು, ಆ ಎರಡಕ್ಕೂ ಬರೆದರು. ಬೇರೆ ಕೆಲಸ ಇಲ್ಲದೆ ಬರೀ ಸಂಯೋಜನೆಗೆ ಇಳಿದಿದ್ದು 2000ದಲ್ಲಿ, ಸ್ವಂತ ಪ್ರಕಾಶನ ಶುರು ಮಾಡಿದಾಗ. ಆಗ ಅವರಿಗೆ 48 ವರ್ಷ. ನಿಮ್ಮ ಮಗನಿಗೆ ಈಗ ಹತ್ತೊಂಬತ್ತೋ ಇಪ್ಪತ್ತೋ ಇರಬೇಕು, ಅಲ್ವಾ? ಆತುರ ಏನಿದೆ?

ಅಲ್ಲಿ ದುಡ್ಡು ಬರುವ ದಾರಿಯೂ ಬೇರೆ. ಶಾಲೆ, ಕಾಲೇಜು, ಊರಿನ ಬ್ಯಾಂಡುಗಳು ಹೊಸ ರಚನೆ ಬರೆದುಕೊಡಿ ಅಂತ ದುಡ್ಡು ಕೊಟ್ಟು ಬರೆಸುತ್ತವೆ. ಒಬ್ಬರಿಗೆ ಭಾರವಾದರೆ ಹತ್ತು ಬ್ಯಾಂಡುಗಳು ಸೇರಿ ಖರ್ಚು ಹಂಚಿಕೊಳ್ಳುತ್ತವೆ. ಆಮೇಲೆ ಎಲ್ಲ ವಾದ್ಯಗಳ ಸ್ವರದ ಹಾಳೆಗಳು ಸೇರಿದ, ಅಚ್ಚಾದ ಸೆಟ್ಟುಗಳ ಮಾರಾಟ. ಅದರಲ್ಲಿ ಬರೆದವರಿಗೆ ಸಿಗುವುದು ಸಾಮಾನ್ಯವಾಗಿ ಬೆಲೆಯ 10%ರಷ್ಟು. ಇಷ್ಟರಲ್ಲೇ ಮನೆ ನಡೆಯುವುದಿಲ್ಲ ಅಂತ ಎಷ್ಟೋ ಜನ ಪಾಠ ಹೇಳುತ್ತಾರೆ, ಬ್ಯಾಂಡ್ ನಡೆಸುತ್ತಾರೆ, ಸ್ಪರ್ಧೆಗಳಿಗೆ ತೀರ್ಪುಗಾರರಾಗಿ ಹೋಗುತ್ತಾರೆ.

ನಮ್ಮ ಕಡೆ? ಮದುವೆ ಬ್ಯಾಂಡ್‌ಸೆಟ್‌ನವರು ಬಹುಪಾಲು ಕಿವಿಯಲ್ಲೇ ಕಲಿಯುವವರು. ಬೆಳಗ್ಗೆ ಮೊಬೈಲಲ್ಲಿ ಕೇಳಿದ ಹಾಡನ್ನು ಸಂಜೆ ಮೆರವಣಿಗೆಯಲ್ಲಿ ಊದುತ್ತಾರೆ. ಆ ವಿದ್ಯೆಗೆ ನಾನು ಕೈ ಮುಗಿಯುತ್ತೇನೆ, ಆದರೆ ಅವರು ನೊಟೇಶನ್ (ಸ್ವರ ಬರೆದ ಹಾಳೆ) ಕೊಳ್ಳುವುದಿಲ್ಲ. ಸೇನೆ, ಪೊಲೀಸ್ ಬ್ಯಾಂಡುಗಳಲ್ಲಿ ಸಂಬಳ ಇದೆ. ಮೈಸೂರಿನಲ್ಲಿ ಪೊಲೀಸರ ಇಂಗ್ಲಿಷ್ ಬ್ಯಾಂಡೂ ಇದೆ, ಕರ್ನಾಟಕ ಸಂಗೀತದ ಬ್ಯಾಂಡೂ ಇದೆ. ಸೇನೆಯವರ ಸಂಗೀತ ಶಾಲೆ ಮಧ್ಯಪ್ರದೇಶದ ಪಚ್‌ಮಢಿಯಲ್ಲಿದೆ. ಅಲ್ಲೆಲ್ಲ ಮೊದಲು ನುಡಿಸುವವನಾಗಿ ಸೇರಬೇಕು, ಬರೆಯುವುದು ಆಮೇಲೆ. ಇನ್ನು ಉಳಿದಿದ್ದು ಶಾಲೆಗಳು. ಆಗಸ್ಟ್ 15, ಜನವರಿ 26, ರಾಷ್ಟ್ರೀಯ ಶಾಲಾ ಬ್ಯಾಂಡ್ ಸ್ಪರ್ಧೆ ಅಂತ ಅವರಿಗೆ ಹೊಸ ಮಾರ್ಚ್ ಬೇಕಾಗುತ್ತದೆ. ನನ್ನ ಅನ್ನ ಬಂದಿದ್ದು ಅಲ್ಲಿಂದ, ಅದೂ ಪಾಠ ಹೇಳಿದ್ದರಿಂದ ಜಾಸ್ತಿ, ಬರೆದಿದ್ದರಿಂದ ಕಡಿಮೆ.

ಈಗ ಮಗನಿಗೆ ಒಂದು ಮಾತು. ಬಹಳ ವರ್ಷದ ಹಿಂದೆ ಗುಬ್ಬಿ ಹತ್ತಿರದ ಒಂದು ಶಾಲೆಗೆ ಮೋಹನ ರಾಗದಲ್ಲಿ ಒಂದು ಮಾರ್ಚ್ ಬರೆದುಕೊಟ್ಟಿದ್ದೆ. ಕಂಪ್ಯೂಟರಿನಲ್ಲಿ ಕೇಳಿದಾಗ ತುಂಬಾ ಚೆನ್ನಾಗಿತ್ತು. ಮೈದಾನದಲ್ಲಿ ಟ್ರಂಪೆಟ್ ಹುಡುಗ, ಒಂಬತ್ತನೇ ಕ್ಲಾಸು, ಹದಿನಾರು ಬಾರ್ (ತಾಳದ ಸುತ್ತು) ಊದಿ ನಿಲ್ಲಿಸಿಬಿಟ್ಟ. ಮೌತ್‌ಪೀಸ್ ತೆಗೆದಾಗ ತುಟಿ ಮೇಲೆ ಕೆಂಪಗೆ ಉಂಗುರದ ಗುರುತು. "ಸರ್, ಉಸಿರು ಎಲ್ಲಿ ತಗೊಳ್ಲಿ?" ಅಂತ ಕೇಳಿದ. ಹಾಳೆ ನೋಡಿದೆ. ಎಲ್ಲೂ ಒಂದು ರೆಸ್ಟ್ (ಊದದೆ ನಿಲ್ಲುವ ಜಾಗ) ಇಲ್ಲ. ಆ ರಾತ್ರಿ ಕೂತು ರಾಗವನ್ನು ಹಂಚಿದೆ. ಎಂಟು ಬಾರ್ ಟ್ರಂಪೆಟ್‌ಗೆ, ಎಂಟು ಕ್ಲಾರಿನೆಟ್‌ಗೆ, ಮತ್ತೆಂಟು ಯೂಫೋನಿಯಂಗೆ. ಎತ್ತರದ ಸ್ವರಗಳನ್ನೆಲ್ಲ ಕೆಳಗಿಳಿಸಿದೆ. ಅದೇ ಮಾರ್ಚನ್ನು ಅದೇ ಹುಡುಗ ಮೈದಾನ ಎರಡು ಸುತ್ತು ನಡೆಯುತ್ತಾ ಊದಿದ.

ಕಂಪ್ಯೂಟರಿಗೆ ತುಟಿ ಇಲ್ಲ, ಉಸಿರೂ ಇಲ್ಲ. ಅದಕ್ಕೇ ಹೇಳುವುದು, ಮೊದಲು ಯಾವುದಾದರೂ ಬ್ಯಾಂಡಿನೊಳಗೆ ಮೂರು ನಾಲ್ಕು ವರ್ಷ ಕೂರಲಿ. ಪಕ್ಕದವನ ಬಾಸೂನೋ ಟ್ರಾಂಬೋನೋ ಒಮ್ಮೆ ಇಸಿದುಕೊಂಡು ತಾನೇ ಊದಿ ನೋಡಲಿ. "30 ದಿನದಲ್ಲಿ ಸಂಯೋಜಕರಾಗಿ, ಸರ್ಟಿಫಿಕೇಟ್ ಪಡೆಯಿರಿ" ಅನ್ನುವವರಿಗೆ ಒಂದು ರೂಪಾಯಿ ಕೊಡಬೇಡಿ. ಅಂಥವರಿಗೆ ದುಡ್ಡು ಸುರಿದು ನನ್ನ ಹತ್ತಿರ ಬಂದ ಒಬ್ಬ ಹುಡುಗನಿಗೆ ಟ್ಯೂಬಾ ಊದುವವನು ಎಷ್ಟು ಬೇಗ ಸುಸ್ತಾಗುತ್ತಾನೆ ಅನ್ನೋದೇ ಗೊತ್ತಿರಲಿಲ್ಲ. ನನಗೆ ಕೋಪ ಬಂದಿದ್ದು ಆ ಹುಡುಗನ ಮೇಲಲ್ಲ.

ಇನ್ನೊಂದು. ಬರೆದುಕೊಡುವ ಮೊದಲು ಅರ್ಧ ದುಡ್ಡು ಇಸಿದುಕೊಳ್ಳಲಿ, ಎಷ್ಟು ಬ್ಯಾಂಡುಗಳು ನುಡಿಸಬಹುದು ಅಂತ ಕಾಗದದಲ್ಲಿ ಬರೆಸಿಕೊಳ್ಳಲಿ. ಒಂದು ಶಾಲೆಗೆ ಕೊಟ್ಟ ನನ್ನ ಹಾಳೆಗಳು ಜೆರಾಕ್ಸ್ ಆಗಿ ನಾಲ್ಕು ಶಾಲೆ ಸುತ್ತಿದವು. ಕೇಳಿದ್ದಕ್ಕೆ "ಮಕ್ಕಳಿಗೆ ತಾನೇ ಸಾರ್" ಅಂದರು. ಇವತ್ತಿಗೂ ಆ ಮಾತು ನೋಯಿಸುತ್ತದೆ.

ಪ್ರಶ್ನೆ: ಸಾಫ್ಟ್‌ವೇರಿನಲ್ಲಿ ಸರಿ ಇದ್ದಿದ್ದು ಟ್ರಂಪೆಟ್, ಸ್ಯಾಕ್ಸ್ ಸೇರಿದಾಗ ಅಪಸ್ವರ ಯಾಕೆ? (ಚಿಂತಾಮಣಿ)

ಉತ್ತರ: ಟ್ರಂಪೆಟ್‌ನವನು ಹಾಳೆಯಲ್ಲಿ ಸಿ ಸ್ವರ ನೋಡಿ ಊದಿದರೆ ಕೇಳುವುದು ಬಿ ಫ್ಲಾಟ್, ಆಲ್ಟೋ ಸ್ಯಾಕ್ಸ್‌ನವನು ಊದಿದರೆ ಇ ಫ್ಲಾಟ್. ನೀವು ಇಬ್ಬರಿಗೂ ಒಂದೇ ಹಾಳೆ ಕೊಟ್ಟಿದ್ದೀರಿ.

ಪ್ರಶ್ನೆ: ಸಿನಿಮಾ ಹಾಡನ್ನು ಬ್ಯಾಂಡಿಗೆ ಬರೆದು ಪಿಡಿಎಫ್ ಮಾರಬಹುದಾ? ನಾಲ್ಕು ಸ್ವರ ಬದಲಿಸಿದರೆ ಸಾಕು ಅಂತಾರೆ. (ಮಾಲೂರು)

ಉತ್ತರ: ಸುಳ್ಳು. ಹಕ್ಕು ಇರುವವರ ಒಪ್ಪಿಗೆ ಬೇಕು. ಸಂಗೀತ ಮಾಡಿದವರು ತೀರಿಕೊಂಡ ಮೇಲೂ ಆ ಹಕ್ಕು 60 ವರ್ಷ ಇರುತ್ತದೆ.

ಪ್ರಶ್ನೆ: ಟ್ರಂಪೆಟ್ ಊದಿದರೆ ಮಕ್ಕಳ ಶ್ವಾಸಕೋಶ ಹಾಳಾಗುತ್ತಾ? (ಗೌರಿಬಿದನೂರು)

ಉತ್ತರ: ಇಲ್ಲ. ಉಬ್ಬಸ ಇದ್ದರೆ ಮೊದಲು ಡಾಕ್ಟರನ್ನು ಕೇಳಿ.

ಪ್ರಶ್ನೆ: ನಾನು ಬರೆದಿದ್ದನ್ನು ನಿಮಗೆ ಕಳಿಸಲಾ ಸಾರ್? (ತಿಪಟೂರು)

ಉತ್ತರ: ಕಳಿಸಿ. ಕಂಪ್ಯೂಟರ್ ನುಡಿಸಿದ್ದು ಮಾತ್ರ ಬೇಡ. ನಾಲ್ಕು ಜನರ ಕೈಲಿ ಊದಿಸಿ, ಮೊಬೈಲಲ್ಲಿ ರೆಕಾರ್ಡ್ ಮಾಡಿ, ತಪ್ಪು ಇದ್ದರೆ ಇದ್ದ ಹಾಗೇ ಕಳಿಸಿ.