ಐಸ್ ಹಾಕಿಯಲ್ಲಿ ಹತ್ತಿರದ ಬೋರ್ಡ್ ಬಳಿ ಪಕ್ ಕಾಣದಿದ್ದರೆ, ಸ್ಕೋಷಿಯಾ ಪ್ಲೇಸ್ ಸೀಟು ಆರಿಸುವ ಮುಂಚೆ
ನೀವು ಹೇಳಿದ ತೊಂದರೆಗೆ ಕಾರಣ ಬಹುಶಃ ದೂರ ಅಲ್ಲ, ಸಾಲುಗಳ ಇಳಿಜಾರು. ಕೆನಡಾದ ಕ್ಯಾಲ್ಗರಿಯ ಹಾಕಿ ಅರೀನಾ ಸ್ಯಾಡಲ್‌ಡೋಮ್‌ನ ಮೇಲಿನ ಸೀಟಿನಿಂದ ನಿಮ್ಮ ಕಡೆಯ ಬೋರ್ಡ್ (ಐಸ್ ಸುತ್ತಲಿನ ಗೋಡೆ) ಪಕ್ಕ ಪಕ್ (ಆಟದ ರಬ್ಬರ್ ಬಿಲ್ಲೆ) ಬಂದಾಗ ಕಾಣಲಿಲ್ಲ ಅಂದಿರಿ. ಬೋರ್ಡ್ ಸುಮಾರು 42 ಇಂಚು ಎತ್ತರ, ಪಕ್ ಓಡುವುದು ಐಸ್ ಮೇಲೆ. ಇಳಿಜಾರು ಕಡಿಮೆ ಇದ್ದರೆ ಬೋರ್ಡ್ ಮತ್ತು ಮುಂದಿನವರ ತಲೆ ಸೇರಿ ಆ ಜಾಗವನ್ನು ಮುಚ್ಚುತ್ತವೆ. ಅದಕ್ಕೇ ಅಭಿಮಾನಿಗಳು ಅಲ್ಲಿನ ಹೊಸ ಅರೀನಾ ಸ್ಕೋಷಿಯಾ ಪ್ಲೇಸ್‌ನಲ್ಲಿ ಕಡಿದಾದ ಮೇಲಂತಸ್ತು ಬೇಕು ಅನ್ನುವುದು. ನನ್ನ ಆಸೆಯೂ ಅದೇ. ದೊಡ್ಡ ಸ್ಕ್ರೀನ್ ಆಮೇಲೆ.

2027ರಲ್ಲಿ ತೆರೆಯಬೇಕಿರುವ ಸ್ಕೋಷಿಯಾ ಪ್ಲೇಸ್‌ಗೆ ಸೀಸನ್ ಟಿಕೆಟ್ ತೆಗೆದುಕೊಳ್ಳುವ ಮುಂಚೆ, ಮೊದಲು ನಿಮ್ಮ ಸಾಲಿನಿಂದಲೇ ಕಾಣುವ ಚಿತ್ರ ಕೇಳಿ. ಸೆಕ್ಷನ್ ಮಧ್ಯದಿಂದ ತೆಗೆದದ್ದು ಸಾಲದು. ಆಮೇಲೆ ಆ ಸಾಲಿನ 'ಸಿ ವ್ಯಾಲ್ಯೂ' ಎಷ್ಟು ಅಂತ ಕೇಳಿ. ಬೋರ್ಡ್ ಕಡೆ ನೋಡುವಾಗ ನಿಮ್ಮ ದೃಷ್ಟಿ ಮುಂದಿನವರ ಕಣ್ಣಿಗಿಂತ ಎಷ್ಟು ಮೇಲೆ ಹಾದುಹೋಗುತ್ತದೆ ಅನ್ನುವ ಅಳತೆ ಅದು. 60 ಮಿಲಿಮೀಟರ್ ಅಂದರೆ ಹೇಗೋ ನಡೆಯುತ್ತದೆ, 90 ಇದ್ದರೆ ಚೆನ್ನ. ಟಿಕೆಟ್ ಮಾರುವವರಿಗೆ ಇದು ತಿಳಿದಿರದೆ ಇರಬಹುದು. ವಿನ್ಯಾಸ ತಂಡಕ್ಕೆ ಕಳಿಸಿ ಅನ್ನಿ.

ಮೇಲಂತಸ್ತಿನ ಮೊದಲ ಸಾಲಾದರೆ ಕಂಬಿ ಅಡ್ಡ ಬರುತ್ತದೆಯೇ ಅಂತಲೂ ವಿಚಾರಿಸಿ. ಹೊಸ ಕಟ್ಟಡ ಅಂತ ಸುಮ್ನೆ ನಂಬಬೇಡಿ. ಬ್ರೂಕ್ಲಿನ್‌ನ ಬಾರ್ಕ್ಲೇಸ್ ಸೆಂಟರ್ 2012ರದ್ದು, ಬಾಸ್ಕೆಟ್‌ಬಾಲ್‌ಗೆ ಕಟ್ಟಿದ್ದು. ಹಾಕಿ ನಡೆದಾಗ ಒಂದು ತುದಿಯ ಎಷ್ಟೋ ಸೀಟುಗಳಿಂದ ಹತ್ತಿರದ ಗೋಲೇ ಸರಿಯಾಗಿ ಕಾಣುತ್ತಿರಲಿಲ್ಲ.

ಸರಿಯಾದ ಉತ್ತರ ಸಿಗದಿದ್ದರೆ ಇಡೀ ಸೀಸನ್ ಬೇಡ. ಮೊದಲು ಬಿಡಿ ಟಿಕೆಟ್ ತೆಗೆದುಕೊಂಡು, ಜನ ತುಂಬಿರುವ ಪಂದ್ಯದಲ್ಲಿ ಕೂತು ನೋಡಿ.