ಮಾತ್ರೆ ಇಲ್ಲ ಅಂದ್ರೆ, ಯಾವುದು ಇಲ್ಲ ಅಂತ ಕೇಳಿ

ಪ್ರಶ್ನೆ: ಅಪ್ಪನಿಗೆ ಸ್ಟೆಂಟ್ ಹಾಕಿಸಿ ಐದು ತಿಂಗಳಾಯ್ತು. ಬೆಂಗಳೂರಿನ ಡಾಕ್ಟರ್ ಬರೆದುಕೊಟ್ಟ ಮೆಟೊಪ್ರೊಲಾಲ್ 25 ಮಾತ್ರೆ ದಾವಣಗೆರೆಯಲ್ಲಿ ಸಿಗ್ತಿಲ್ಲ. ಒಬ್ಬರು ಸ್ಟಾಕ್ ಇಲ್ಲ ಅಂತಾರೆ, ಒಬ್ಬರು ಬೇರೆ ಕಂಪನಿದು ತಗೊಳ್ಳಿ ಅಂತಾರೆ, ಇನ್ನೊಬ್ಬರು 50ರದ್ದು ಮುರಿದು ಕೊಡಿ ಅಂತಾರೆ. ಮನೆಯಲ್ಲಿ ನಾಲ್ಕೇ ಮಾತ್ರೆ ಉಳಿದಿವೆ. ಏನು ಮಾಡಲಿ?

ನಾನು ಡಾಕ್ಟರೂ ಅಲ್ಲ, ಮೆಡಿಕಲ್ ಇಟ್ಟವನೂ ಅಲ್ಲ. ದಾವಣಗೆರೆಯ ನಿಟ್ಟುವಳ್ಳಿಯಲ್ಲಿ ಇರೋನು. ನಮ್ಮ ಅಪ್ಪಾಜಿಗೂ ಇದೇ ಮಾತ್ರೆ, ಇದೇ ಥರ ಬೆಂಗಳೂರು ಚೀಟಿ. ನಿಮ್ಮ ಹಾಗೇ ಸುತ್ತಿದ್ದೇನೆ, ಅದಕ್ಕೇ ಬರೀತಿದ್ದೇನೆ.

ದಿನಕ್ಕೊಂದು ಅಂತ ಬರೆದಿದ್ದರೆ, ನಾಲ್ಕು ಮಾತ್ರೆ ಇದೆ ಅಂದರೆ ನಿಮ್ಮ ಕೈಯಲ್ಲಿ ನಾಲ್ಕು ದಿನ ಇದೆ. ಅಷ್ಟು ಸಾಕು. ಆದರೆ ಅದನ್ನೇ ದಿನ ಬಿಟ್ಟು ದಿನ ಕೊಟ್ಟು ಎಂಟು ದಿನ ದೂಡೋಣ ಅಂತ ಮಾತ್ರ ಹೋಗಬೇಡಿ. ನಮ್ಮ ಅವ್ವ ಹಾಗೇ ಅಂದಿದ್ದಳು. ತಿಂಗಳ ಕೊನೆಯಲ್ಲಿ ಎಣ್ಣೆ ಡಬ್ಬಿ ಬಗ್ಗಿಸಿ ಸೋರಿಸಿಕೊಳ್ತಾರಲ್ಲ, ಆ ಲೆಕ್ಕ. ಈ ಮಾತ್ರೆಗೆ ಆ ಲೆಕ್ಕ ನಡೆಯಲ್ಲ. ಇದು ಬೀಟಾ ಬ್ಲಾಕರ್ ಅನ್ನೋ ಜಾತಿಯದು. ಹೃದಯದ ಬಡಿತವನ್ನು ಹಿಡಿದು ನಿಧಾನ ಮಾಡಿರುತ್ತದೆ. ಹೃದಯದ ರಕ್ತನಾಳದ ತೊಂದರೆ ಇರೋರು ಇದನ್ನು ತಟ್ಟಂತ ನಿಲ್ಲಿಸಿದರೆ ಬಡಿತ ಏರಬಹುದು, ಎದೆ ನೋವು ಬರಬಹುದು, ಹಾರ್ಟ್ ಅಟ್ಯಾಕೂ ಆಗಬಹುದು. ನಿಲ್ಲಿಸಲೇಬೇಕಾದಾಗ ಡಾಕ್ಟರೇ ಒಂದೆರಡು ವಾರದಲ್ಲಿ ಸ್ವಲ್ಪ ಸ್ವಲ್ಪವಾಗಿ ಡೋಸ್ ಇಳಿಸುತ್ತಾರೆ.

ಈಗ ನಮ್ಮ ಕಥೆ ಹೇಳ್ತೀನಿ. ನಿಮ್ಮ ಪ್ರಶ್ನೆಗೆ ಉತ್ತರ ಅದರಲ್ಲೇ ಇದೆ.

ಅಪ್ಪಾಜಿ ಹತ್ತಿ ಮಿಲ್ಲಿನಲ್ಲಿ ದುಡಿದವರು. ಮಿಲ್ಲು ಮುಚ್ಚಿ ಎಷ್ಟೋ ಕಾಲ ಆಯ್ತು, ಆದರೂ ಸೈರನ್ ಹೊತ್ತಿಗೆ ಏಳೋ ಚಾಳಿ ಹೋಗಿಲ್ಲ. ಮಾತ್ರೆ ಬೆಳಗ್ಗೆ ಎಂಟಕ್ಕೆ ಅಂದ್ರೆ ಎಂಟಕ್ಕೇ. ಯುಗಾದಿ ದಿನ ಬೇವು ಬೆಲ್ಲ ತಿಂದು ಮಾತ್ರೆ ತಗೊಂಡವರು ಖಾಲಿ ಶೀಟನ್ನು ನನ್ನ ಮುಂದೆ ಇಟ್ಟರು. ಒಂದೂ ಉಳಿದಿರಲಿಲ್ಲ. ತರಬೇಕಿದ್ದವನು ನಾನು. ಮರೆತಿದ್ದೆ.

ಸಂಜೆ ಗಾಡಿ ತಗೊಂಡು ಹೊರಟೆ. ಹಬ್ಬ ಅಂತ ಅರ್ಧಕ್ಕರ್ಧ ಅಂಗಡಿಗಳ ಶಟರ್ ಎಳೆದಿತ್ತು. ತೆರೆದಿದ್ದ ಮೊದಲನೇ ಮೆಡಿಕಲ್‌ನಲ್ಲಿ ವಯಸ್ಸಾದ ಯಜಮಾನರು ಚೀಟಿಯನ್ನು ಎರಡು ಸಲ ತಿರುಗಿಸಿ ನೋಡಿದರು. "ಬೆಂಗ್ಳೂರು ಚೀಟಿ ಅಲ್ಲೇನ್ರಿ ಇದು? ಈ ಕಂಪನಿದು ನಮ್ಮಲ್ಲಿ ಇಲ್ಲ. ಬೇರೆ ಕಂಪನಿದು ಐತಿ. ಡಾಕ್ಟ್ರಿಗೆ ಒಂದು ಫೋನ್ ಮಾಡಿ ಕೇಳ್ರಿ, ಹೂಂ ಅಂದ್ರೆ ಕೊಡ್ತೀನಿ" ಅಂದರು. ನನಗೆ ಸಿಟ್ಟು ಬಂತು. ಹಬ್ಬದ ದಿನ ಯಾವ ಡಾಕ್ಟರ್ ಫೋನ್ ಎತ್ತುತ್ತಾರೆ? ಇದ್ದ ಮಾತ್ರೆ ಕೊಡೋಕೆ ಇವರಿಗೇನು ಕಷ್ಟ ಅಂತ ಗೊಣಗಿಕೊಂಡು ಮುಂದೆ ಹೋದೆ. ಮೂರನೇ ಅಂಗಡಿಯಲ್ಲಿ ಒಬ್ಬ ಹುಡುಗ ಮೊಬೈಲ್ ನೋಡ್ತಾನೇ ಡ್ರಾಯರ್ ಎಳೆದು ಒಂದು ಶೀಟು ಕೊಟ್ಟ. "ಸೇಮ್ ಕಂಟೆಂಟ್ ಸರ್, ಏನೂ ಆಗಲ್ಲ." ರೇಟೂ ಕಮ್ಮಿ ಇತ್ತು. ಗೆದ್ದವನ ಹಾಗೆ ಮನೆಗೆ ಬಂದೆ.

ಮಾರನೇ ದಿನ ಎಂಟು ಗಂಟೆಗೆ ಅಪ್ಪಾಜಿ ಮಾತ್ರೆಯನ್ನು ಬಾಯಿಗೆ ಹಾಕಲಿಲ್ಲ. ಅಂಗೈಯಲ್ಲಿ ಇಟ್ಟುಕೊಂಡು ಕಿಟಕಿ ಹತ್ತಿರ ಹೋಗಿ ನೋಡಿದರು. "ಇದು ಅದಲ್ಲ. ಅದಕ್ಕೆ ನಡುವೆ ಗೆರೆ ಇತ್ತು" ಅಂದರು. ಕಂಪನಿ ಬೇರೆ ಅಪ್ಪಾಜಿ, ಒಳಗಿರೋದು ಒಂದೇ ಅಂದೆ. "ನೂಲು ಅಂದ್ರೆ ಎಲ್ಲಾ ಒಂದೇ ಏನೋ? ಕೌಂಟ್ ನೋಡು ಮೊದ್ಲು" ಅಂದರು. ಮಿಲ್ಲಿನವರ ಮಾತು, ಕೌಂಟ್ ಅಂದ್ರೆ ನೂಲು ಎಷ್ಟು ಸಣ್ಣ ಅನ್ನೋ ಲೆಕ್ಕ.

ಎರಡೂ ಶೀಟು ಪಕ್ಕಪಕ್ಕ ಇಟ್ಟು ಮೊಬೈಲ್ ಕ್ಯಾಮೆರಾದಲ್ಲಿ ದೊಡ್ಡದು ಮಾಡಿ ಓದಿದೆ. ಹಳೇದರಲ್ಲಿ ಮೆಟೊಪ್ರೊಲಾಲ್ ಸಕ್ಸಿನೇಟ್, ಪ್ರೊಲಾಂಗ್ಡ್ ರಿಲೀಸ್ ಅಂತ ಇತ್ತು. ಹೊಸದರಲ್ಲಿ ಮೆಟೊಪ್ರೊಲಾಲ್ ಟಾರ್ಟ್ರೇಟ್ ಅಂತ ಅಷ್ಟೇ. ಬೆಂಗಳೂರಿನ ಆಸ್ಪತ್ರೆಗೆ ಫೋನ್ ಮಾಡಿದೆ. ಹಬ್ಬದ ಮಾರನೇ ದಿನ ಅಲ್ವಾ, ನಮ್ಮ ಡಾಕ್ಟರ್ ಇರಲಿಲ್ಲ. ಡ್ಯೂಟಿಯಲ್ಲಿದ್ದವರು ಸಿಕ್ಕರು. ಅವರು ಹೇಳಿದ್ದು ಇಷ್ಟು. ಸಕ್ಸಿನೇಟ್ ಮಾತ್ರೆ ದಿನವಿಡೀ ನಿಧಾನಕ್ಕೆ ಬಿಡುತ್ತದೆ, ಅದಕ್ಕೇ ದಿನಕ್ಕೆ ಒಂದು. ಟಾರ್ಟ್ರೇಟ್ ಬೇಗ ಏರಿ ಬೇಗ ಇಳಿಯುತ್ತದೆ, ಸಾಮಾನ್ಯವಾಗಿ ದಿನಕ್ಕೆ ಎರಡು ಸಲ ಕೊಡುತ್ತಾರೆ. ಒಂದರ ಬದಲು ಇನ್ನೊಂದನ್ನು ನೀವೇ ಹಾಕಿಕೊಳ್ಳಬೇಡಿ. ಸಕ್ಸಿನೇಟ್, ಎಕ್ಸ್‌ಎಲ್ ಅಂದ್ರೆ ನಿಧಾನಕ್ಕೆ ಬಿಡೋದು, 25, ಇಷ್ಟು ಸರಿ ಇದ್ದರೆ ಯಾವ ಒಳ್ಳೆ ಕಂಪನಿದಾದರೂ ನಡೆಯುತ್ತದೆ.

ಮತ್ತೆ ಆ ಮೊದಲನೇ ಅಂಗಡಿಗೇ ಹೋದೆ. ಮುಖ ಸಣ್ಣದು ಮಾಡಿಕೊಂಡು. ಅವರ ಹತ್ತಿರ ಇದ್ದ 'ಬೇರೆ ಕಂಪನಿದು' ಸರಿಯಾದ ಮಾತ್ರೆಯೇ ಆಗಿತ್ತು! ಡಾಕ್ಟರ್ ಹೂಂ ಅಂದರು ಅಂದ ತಕ್ಷಣ ಕೊಟ್ಟರು. ಅಪ್ಪಾಜಿ ಎಂಟರ ಮಾತ್ರೆಯನ್ನು ಹನ್ನೊಂದಕ್ಕೆ ತಗೊಂಡರು. ಆಮೇಲೆ ಗೊತ್ತಾಯ್ತು, ಆ ಯಜಮಾನರು ಮಾಡಿದ್ದು ಹಟ ಅಲ್ಲ, ಕಾನೂನು. 1945ರ ಔಷಧ ನಿಯಮಗಳ ಪ್ರಕಾರ ಶೆಡ್ಯೂಲ್ ಎಚ್, ಅಂದ್ರೆ ಚೀಟಿ ಇಲ್ಲದೆ ಮಾರಬಾರದ ಪಟ್ಟಿಯ ಇಂಥ ಮಾತ್ರೆಗೆ ಅಂಗಡಿಯವರು ತಾವಾಗಿಯೇ ಬದಲಿ ಕೊಡುವಂತಿಲ್ಲ, ಒಳಗಿನ ಔಷಧಿ ಒಂದೇ ಇದ್ದರೂ ಸಹ. ಹಾಗಾಗಿ ನಿಮಗೆ 'ಡಾಕ್ಟರನ್ನ ಕೇಳಿ' ಅಂದವರ ಮೇಲೆ ಬೇಜಾರು ಮಾಡಿಕೊಳ್ಳಬೇಡಿ. ನನ್ನ ಕೇಳಿದರೆ, ಅಂಥವರ ಹತ್ತಿರವೇ ಖಾಯಂ ಗಿರಾಕಿ ಆಗಿ.

ಇಲ್ಲಿ ಒಂದು ಗೊಂದಲ ಹೇಳಲೇಬೇಕು, ನಾನೂ ಇದರಲ್ಲಿ ಸಿಕ್ಕಿಕೊಂಡಿದ್ದೆ. ಸರಿಯಾದ ಶೀಟಿನ ಹಿಂದೆಯೂ ಟಾರ್ಟ್ರೇಟ್ ಅನ್ನೋ ಪದ ಇರುತ್ತದೆ. ಮೆಟೊಪ್ರೊಲಾಲ್ ಸಕ್ಸಿನೇಟ್ 23.75 ಮಿ.ಗ್ರಾಂ, ಇದು ಮೆಟೊಪ್ರೊಲಾಲ್ ಟಾರ್ಟ್ರೇಟ್ 25 ಮಿ.ಗ್ರಾಂಗೆ ಸಮ, ಅಂತ ಬರೆದಿರುತ್ತಾರೆ. 50ರದ್ದಾದರೆ 47.5. ಚೀಟಿಯಲ್ಲಿ 25 ಇದೆ, ಶೀಟಿನಲ್ಲಿ 23.75 ಇದೆ, ಮೋಸ ಆಯ್ತು ಅಂತ ನಾನು ಮತ್ತೆ ಅಂಗಡಿಗೆ ಓಡಿದ್ದೆ. ಯಜಮಾನರು ನಕ್ಕರು. ಅದು ತೂಕದ ಲೆಕ್ಕ ಅಷ್ಟೇ. ನೀವು ನೋಡಬೇಕಾದ್ದು ಮೊದಲು ಬರೆದಿರೋ ಹೆಸರು ಸಕ್ಸಿನೇಟ್ ಅಂತ ಇದೆಯಾ, ಜೊತೆಗೆ ಪ್ರೊಲಾಂಗ್ಡ್ ರಿಲೀಸ್ ಅಥವಾ ಎಕ್ಸ್‌ಟೆಂಡೆಡ್ ರಿಲೀಸ್ ಅಂತ ಇದೆಯಾ ಅನ್ನೋದು. ಎಕ್ಸ್‌ಎಲ್, ಎಕ್ಸ್‌ಆರ್, ಇಆರ್ ಅಂತ ಕಂಪನಿಗೊಂದು ಬಾಲ ಹಚ್ಚಿರುತ್ತಾರೆ, ಅರ್ಥ ಎಲ್ಲಾ ನಿಧಾನಕ್ಕೆ ಬಿಡೋದು ಅಂತಲೇ.

ಎಚ್ಚರ ಬೇಕಾದ್ದು ಆ ಬಾಲದ ಮುಂದೆ ಇನ್ನೊಂದು ಬಾಲ ಇದ್ದಾಗ. ಎಎಂ ಅಂತ ಇದ್ದರೆ ಸಾಮಾನ್ಯವಾಗಿ ಅದರೊಳಗೆ ಆಮ್ಲೋಡಿಪಿನ್ ಕೂಡ ಇರುತ್ತದೆ. ಟೆಲ್ಮಿಸಾರ್ಟನ್ ಸೇರಿದ್ದೂ ಬರುತ್ತದೆ. ಎರಡೂ ಬಿಪಿ ಔಷಧಿಗಳೇ. ನಿಮ್ಮ ತಂದೆಯವರು ಆಗಲೇ ಬೇರೆ ಬಿಪಿ ಮಾತ್ರೆ ತಗೊಳ್ತಿದ್ದರೆ ಡಬಲ್ ಆಗಿ ತಲೆ ಸುತ್ತಿ ಬೀಳಬಹುದು. ಇನ್ನು ಮೆಟ್ ಅಂತ ಶುರುವಾಗೋ ಹೆಸರು ಬೇರೆಯವೂ ಇವೆ. ಮೆಟ್‌ಫಾರ್ಮಿನ್ ಸಕ್ಕರೆ ಕಾಯಿಲೆಗೆ, ಮೆಟೊಲಜೋನ್ ಮೈಯಲ್ಲಿ ನೀರು ತುಂಬಿದ್ದಕ್ಕೆ. ಗೀಚಿದ ಚೀಟಿಯಲ್ಲಿ ಮೂರೂ ಒಂದೇ ಥರ ಕಾಣ್ತವೆ.

50ರದ್ದು ಮುರಿದು ಕೊಡಿ ಅಂದರಲ್ಲ, ಅದು ಪೂರ್ತಿ ಸುಳ್ಳಲ್ಲ. ನಡುವೆ ಗೆರೆ ಇರೋ ಸಕ್ಸಿನೇಟ್ ಮಾತ್ರೆಯನ್ನು ಆ ಗೆರೆ ಮೇಲೆ ಸರಿಯಾಗಿ ಎರಡು ಮಾಡಬಹುದು. ಪುಡಿ ಮಾಡಬಾರದು, ಅಗಿಯಬಾರದು. ಪುಡಿ ಆದರೆ ದಿನವಿಡೀ ಬರಬೇಕಾದ್ದೆಲ್ಲ ಒಂದೇ ಸಲ ಮೈಗೆ ಸೇರುತ್ತದೆ. ಗೆರೆ ಇಲ್ಲದಿದ್ದರೆ ಮುರಿಯಲೇಬೇಡಿ. ಇದಕ್ಕೂ ಡಾಕ್ಟರ್ ಹೂಂ ಅನ್ನಬೇಕು, ಮತ್ತೆ ಶೀಟಿನ ಮೇಲೆ 'ಅರ್ಧ' ಅಂತ ಪೆನ್ನಿನಲ್ಲಿ ದೊಡ್ಡದಾಗಿ ಬರೀರಿ. ಮನೆಯಲ್ಲಿ ಯಾರಾದರೂ ಒಬ್ಬರು ಇಡೀದು ಕೊಟ್ಟುಬಿಡ್ತಾರೆ.

ಸರಿ, ಯಾಕೆ ಸಿಗಲ್ಲ? ಔಷಧಿ ಇಲ್ಲ ಅಂತಲ್ಲ. ಮೆಟೊಪ್ರೊಲಾಲ್ ಅಪರೂಪದ ವಸ್ತು ಅಲ್ಲ, ಕೇಂದ್ರ ಸರ್ಕಾರದ ಅಗತ್ಯ ಔಷಧಿಗಳ ಪಟ್ಟಿಯಲ್ಲೇ ಇದೆ. ಇಲ್ಲದಿರೋದು ಚೀಟಿಯಲ್ಲಿರೋ ಆ ಒಂದು ಬ್ರಾಂಡ್. ಇಲ್ಲಿನ ಮೆಡಿಕಲ್‌ನವರು ಇಲ್ಲಿನ ಡಾಕ್ಟರ್‌ಗಳು ಬರೆಯೋದನ್ನೇ ಇಡುತ್ತಾರೆ. 260 ಕಿಲೋಮೀಟರ್ ಆಚೆ ಬರೆದ ಹೆಸರನ್ನು ತಿಂಗಳಿಗೆ ಒಬ್ಬ ಗಿರಾಕಿ ಕೇಳಿದರೆ ಅವರು ತರಿಸಿ ಏನು ಮಾಡಬೇಕು? ಅದಕ್ಕೇ 'ಈ ಮಾತ್ರೆ ಇದೆಯಾ' ಅಂತ ಕೇಳಬೇಡಿ. ನಿಮ್ಮ ಚೀಟಿಯಲ್ಲೂ ಸಕ್ಸಿನೇಟ್ ಇದ್ದರೆ, 'ಮೆಟೊಪ್ರೊಲಾಲ್ ಸಕ್ಸಿನೇಟ್ ಎಕ್ಸ್‌ಎಲ್ 25 ಯಾವ ಕಂಪನಿದು ಇದೆ' ಅಂತ ಕೇಳಿ. ಉತ್ತರವೇ ಬದಲಾಗುತ್ತದೆ.

ಹೀಗೆ ಮಾಡಿ. ಬೆಂಗಳೂರಿನ ಡಾಕ್ಟರಿಗೆ ಅಥವಾ ಆಸ್ಪತ್ರೆಗೆ ಫೋನ್ ಮಾಡಿ, ಚೀಟಿಯನ್ನು ಔಷಧಿಯ ಮೂಲ ಹೆಸರಲ್ಲಿ ಬರೆದು ಕಳಿಸೋಕೆ ಕೇಳಿ. ಡಾಕ್ಟರ್‌ಗಳು ಮೂಲ ಹೆಸರಲ್ಲಿ, ಓದೋ ಹಾಗೆ, ಆದಷ್ಟು ದೊಡ್ಡಕ್ಷರದಲ್ಲಿ ಬರೀಬೇಕು ಅಂತ 2016ರಲ್ಲೇ ಮೆಡಿಕಲ್ ಕೌನ್ಸಿಲ್ ಹೇಳಿತ್ತು. ಅದು ಎಷ್ಟರ ಮಟ್ಟಿಗೆ ನಡೀತಿದೆ ಅನ್ನೋದು ನಿಮಗೂ ಗೊತ್ತು, ನನಗೂ ಗೊತ್ತು. ಅವರು ಸಿಗದಿದ್ದರೆ ಇಲ್ಲೇ ಯಾವುದಾದರೂ ಹೃದಯದ ಡಾಕ್ಟರ್ ಹತ್ತಿರ ಡಿಸ್ಚಾರ್ಜ್ ಸಮ್ಮರಿ ತಗೊಂಡು ಹೋಗಿ ಹೊಸ ಚೀಟಿ ಮಾಡಿಸಿ. ಎಷ್ಟು ತಿಂಗಳು ಮುಂದುವರಿಸಬೇಕು ಅಂತಲೂ ಅದರಲ್ಲೇ ಬರೆಸಿಕೊಳ್ಳಿ. ಅದಿಲ್ಲದಿದ್ದರೆ ಹಳೇ ಚೀಟಿಗೆ ಮತ್ತೆ ಮತ್ತೆ ಕೊಡಲ್ಲ ಅನ್ನೋ ಹಕ್ಕು ಅಂಗಡಿಯವರಿಗಿದೆ. ಆಮೇಲೆ ಬಾಪೂಜಿ, ಚಿಗಟೇರಿ ಆಸ್ಪತ್ರೆ ಸುತ್ತಮುತ್ತಲಿನ ಮೆಡಿಕಲ್‌ಗಳಲ್ಲಿ ಕೇಳಿ. ಹಾರ್ಟ್ ಪೇಷಂಟ್‌ಗಳು ಜಾಸ್ತಿ ಬರೋ ಕಡೆ ಈ ಮಾತ್ರೆ ಓಡುತ್ತಿರುತ್ತದೆ. ಕೇಂದ್ರ ಸರ್ಕಾರದ ಜನೌಷಧಿ ಅಂಗಡಿಗಳ ಪಟ್ಟಿಯಲ್ಲೂ ಸಕ್ಸಿನೇಟ್ ಪ್ರೊಲಾಂಗ್ಡ್ ರಿಲೀಸ್ ಇದೆ, ರೇಟ್ ತುಂಬಾ ಕಮ್ಮಿ. ಆ ದಿನ ಸ್ಟಾಕ್ ಇರಬೇಕು ಅಷ್ಟೇ, ಹಾಗಾಗಿ ಹೋಗೋ ಮೊದಲು ಫೋನ್ ಮಾಡಿ.

ಹೊಸ ಕಂಪನಿದು ಬಂದ ಮೇಲೆ ಹಳೇ ಶೀಟಲ್ಲಿ ಉಳಿದಿದ್ದನ್ನು ಒಂದೇ ಡಬ್ಬಿಯಲ್ಲಿ ಇಡಬೇಡಿ. ಆಮೇಲೊಮ್ಮೆ ಕಂಪನಿ ಬದಲಾದಾಗ ನಮ್ಮ ಅವ್ವ ಎರಡನ್ನೂ ಬೇರೆ ಬೇರೆ ಮಾತ್ರೆ ಅಂದುಕೊಂಡು ಒಂದೊಂದು ತೆಗೆದಿಟ್ಟಿದ್ದಳು. ಅಪ್ಪಾಜಿ ಎಣಿಸಿ ನೋಡಿದರು, ಇಲ್ಲದಿದ್ದರೆ ಡಬಲ್ ಡೋಸ್ ಆಗುತ್ತಿತ್ತು. ಒಂದು ಹೊತ್ತು ಮರೆತರೂ ಮುಂದಿನ ಹೊತ್ತಿಗೆ ಎರಡು ಕೊಡಬಾರದು. ಶೀಟು ಕತ್ತರಿಸಿ ಕೊಡುವಾಗ ಹೆಸರು, ಎಕ್ಸ್‌ಪೈರಿ ಇರೋ ತುದಿ ನಿಮಗೇ ಬರಲಿ ಅಂತ ಕೇಳಿ. ಸಿಗದಿದ್ದರೆ ಅಲ್ಲೇ ಅದರ ಫೋಟೋ ತೆಗೆದುಕೊಳ್ಳಿ.

ಈ ನಡುವೆ ತಂದೆಯವರಿಗೆ ಎದೆ ನೋವು, ಬೆವರು, ಉಸಿರು ಕಟ್ಟೋದು, ಕಣ್ಣು ಕತ್ತಲೆ ಬರೋದು ಏನಾದರೂ ಆದರೆ ಮಾತ್ರೆ ಹುಡುಕ್ತಾ ಕೂರಬೇಡಿ, 108ಕ್ಕೆ ಫೋನ್ ಮಾಡಿ.

ಸ್ಟಾಕ್ ಇಲ್ಲ ಅಂದವರನ್ನು ಸುಮ್ನೆ ಬಿಡಬೇಡಿ, 'ತರಿಸಿಕೊಡ್ತೀರಾ' ಅಂತ ಕೇಳಿ. ನಮ್ಮ ಯಜಮಾನರು ಬೆಳಗ್ಗೆ ಹೇಳಿದರೆ ಸ್ಟಾಕಿಸ್ಟ್‌ಗೆ ಫೋನ್ ಹಾಕಿ ಸಂಜೆಗೆ ತರಿಸಿಕೊಡ್ತಾರೆ. ಭಾನುವಾರ ಆಗಲ್ಲ. ಈಗ ಅವರ ಪುಸ್ತಕದಲ್ಲಿ ಅಪ್ಪಾಜಿ ಹೆಸರಿಗೆ ಒಂದು ಪುಟ ಇದೆ. ಹತ್ತು ಮಾತ್ರೆ ಉಳಿದಾಗ ನಾನೇ ಫೋನ್ ಮಾಡ್ತೀನಿ. ನಾನು ಮರೆತರೆ ಅಪ್ಪಾಜಿ ಮಾಡ್ತಾರೆ.